ಸಂಪಾಜೆ ಘಾಟಿಯಲ್ಲಿ ಬಡಿಯುತ್ತಿದ್ದ ಬುಲೆಟ್

ಮಡಿಕೇರಿಯಲ್ಲಿ ಓಡಿಸುವಾಗ ಏನೂ ತೊಂದರೆ ಇಲ್ಲ. ಸುಳ್ಯಕ್ಕೆ ಹೋಗಿ ವಾಪಸ್ ಘಾಟಿ ಹತ್ತುವಾಗ ಮಾತ್ರ ಇಂಜಿನ್ ಒಳಗಿಂದ ಟಕಟಕ ಶಬ್ದ. ಏಪ್ರಿಲ್ ಮೊದಲ ವಾರ ನನ್ನ ಗ್ಯಾರೇಜಿಗೆ ಬಂದ ಹಳೆ ಬುಲೆಟ್ ಬೈಕಿನ ದೂರು ಇಷ್ಟೇ. ಇದನ್ನು ಪೂರ್ತಿ ಬರೆದಿಡಲು ಒಂದು ಕಾರಣ ಇದೆ. ಎಲ್ಲರೂ ಪೆಟ್ರೋಲನ್ನೇ ದೂರುತ್ತಿದ್ದರು. ಪೆಟ್ರೋಲ್ ಬದಲಿಸಿದಾಗ ಶಬ್ದ ನಿಂತದ್ದೂ ನಿಜ. ಆದರೂ ತಪ್ಪು ಪೆಟ್ರೋಲಿನದ್ದಾಗಿರಲಿಲ್ಲ.

ಬೈಕಿನ ಯಜಮಾನರು ಚೇರಂಬಾಣೆ ಕಡೆಯ ಕಾಫಿ ಬೆಳೆಗಾರರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಬೈಕ್ 1980ರ ದಶಕದ 350 ಸಿಸಿ ಬುಲೆಟ್, ಹಳೆ ಎರಕದ ಕಬ್ಬಿಣದ ಇಂಜಿನ್. ಅವರ ಅಪ್ಪ ಮಿಲಿಟರಿಯಿಂದ ರಿಟೈರ್ ಆಗಿ ಬಂದಾಗ ತಂದದ್ದು. ಬೋರ್ 70 ಮಿಮೀ, ಸ್ಟ್ರೋಕ್ 90 ಮಿಮೀ, ಬಲಗಾಲಿನಲ್ಲಿ ನಾಲ್ಕು ಗೇರು. ಕಿಡಿ ಕೊಡುವ ಕೆಲಸ ಪಾಯಿಂಟಿನದ್ದು (ತೆರೆದು ಮುಚ್ಚುವ ಸಣ್ಣ ಸ್ವಿಚ್ ಅದು), ಪೆಟ್ರೋಲ್ ಕೊಡುವ ಕೆಲಸ ಕಾರ್ಬುರೇಟರಿನದ್ದು. ಯಾವುದಕ್ಕೂ ಸೆನ್ಸರ್ ಇಲ್ಲ. ನಾವು ಹೇಗೆ ಇಟ್ಟೆವೋ ಹಾಗೇ ಇರುತ್ತದೆ.

ಸುಳ್ಯದಲ್ಲಿ ಅತ್ತಿಗೆಯ ತವರು. ತಿಂಗಳಿಗೊಮ್ಮೆ ಇಬ್ಬರೂ ಹೋಗಿ, ಬರುವಾಗ ಅರ್ಧ ಚೀಲ ತೆಂಗಿನಕಾಯಿ ಕಟ್ಟಿಕೊಂಡು ಬರುತ್ತಾರೆ. ಶಬ್ದ ಮೊದಲು ಗಮನಿಸಿದ್ದು ಅತ್ತಿಗೆ. "ತಗಡಿನ ಡಬ್ಬಕ್ಕೆ ಒಣಗಿದ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಕೇಳ್ತದೆ" ಅಂದರು. ನಾಕಿಂಗ್, ಅಂದರೆ ಇಂಜಿನ್ ಒಳಗಿನ ಬಡಿತದ ಶಬ್ದವನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ನೋಡಿಲ್ಲ.

ನನ್ನ ಹತ್ತಿರ ಬರುವ ಮೊದಲು ಬೇರೆ ಕಡೆ ಪ್ಲಗ್ ಬದಲಾಗಿತ್ತು, ಟ್ಯಾಪೆಟ್ ಅಡ್ಜಸ್ಟ್ ಆಗಿತ್ತು. ಪ್ರಯೋಜನ ಆಗಿರಲಿಲ್ಲ. ಆಮೇಲೆ ಯಾರೋ "ಈಗಿನ ಎಥನಾಲ್ ಪೆಟ್ರೋಲ್ ಹಳೆ ಬುಲೆಟ್ಟಿಗೆ ಆಗೋದಿಲ್ಲ" ಅಂದರು. ಅಣ್ಣ ಬೆಂಗಳೂರಿಗೆ ಹೋಗಿದ್ದಾಗ 100 ಆಕ್ಟೇನ್ ಪೆಟ್ರೋಲ್ ಫುಲ್ ಟ್ಯಾಂಕ್ ಹಾಕಿಸಿದರು. ಮನೆಗೆ ಬಂದಾಗ ಟ್ಯಾಂಕಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಮರುದಿನ ಅದರಲ್ಲೇ ಸುಳ್ಯಕ್ಕೆ ಹೋಗಿ ಬಂದರು. ಘಾಟಿಯುದ್ದಕ್ಕೂ ಶಬ್ದವೇ ಇಲ್ಲ.

"ನೋಡು ಮಾರಾಯ, ಪೆಟ್ರೋಲೇ ಅದು. ನಾವು ಸುಮ್ನೆ ಇಂಜಿನ್ ಬಿಚ್ಚಿ ನೋಡ್ತಾ ಇದ್ವಿ" ಅಂದರು.

ಆ ಸಾಕ್ಷಿಯನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆದರೆ ನನಗೆ ಎರಡು ಸಂಗತಿ ಹೊಂದಿಕೆಯಾಗಲಿಲ್ಲ. 100 ಆಕ್ಟೇನ್ ಹಾಕಿದ ದಿನವೂ ಮಡಿಕೇರಿ ಮುಟ್ಟುವಾಗ ಇಂಜಿನ್ ವಿಪರೀತ ಬಿಸಿಯಾಗಿತ್ತು, ಕಾಲು ಹತ್ತಿರ ಇಡಲು ಆಗುತ್ತಿರಲಿಲ್ಲವಂತೆ. ಎರಡನೆಯದು ಕಿಕ್. "ಸ್ಟಾರ್ಟ್ ಮಾಡುವಾಗ ಕಿಕ್ ಹಿಂದೆ ಹೊಡೀತದಾ ಅಣ್ಣ?" ಅಂತ ಕೇಳಿದೆ. ಅವರು ಪ್ಯಾಂಟ್ ಮೇಲೆತ್ತಿ ಮೊಣಕಾಲಿನ ಕೆಳಗಿನ ಕಪ್ಪು ಗಾಯ ತೋರಿಸಿದರು. ಕಿಕ್ ಹಿಂದೆ ಹೊಡೆಯುವುದಕ್ಕೂ ಪೆಟ್ರೋಲಿನ ಆಕ್ಟೇನಿಗೂ ಸಂಬಂಧ ಇಲ್ಲ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಬೆಂಕಿ ಜೋರಾಗಿ ಹತ್ತಿ, ಅದನ್ನು ವಾಪಸ್ ಕೆಳಗೆ ತಳ್ಳಿದರೆ ಕಿಕ್ ಹಿಂದೆ ಹೊಡೆಯುತ್ತದೆ. ಅಂದರೆ ಕಿಡಿ ಬೇಕಾದ್ದಕ್ಕಿಂತ ಮೊದಲೇ ಬರುತ್ತಿದೆ.

ಒಳಗೆ ಆಗುವುದು ಏನು

ಪ್ಲಗ್ ಕಿಡಿ ಕೊಟ್ಟ ಕೂಡಲೇ ಎಲ್ಲಾ ಪೆಟ್ರೋಲ್ ಒಟ್ಟಿಗೆ ಉರಿಯುವುದಿಲ್ಲ. ಒಣಹುಲ್ಲಿನ ಗದ್ದೆಗೆ ಒಂದು ಮೂಲೆಯಿಂದ ಬೆಂಕಿ ಇಟ್ಟ ಹಾಗೆ ಅದು. ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ. ಅದಕ್ಕೆ ಸಮಯ ಬೇಕು. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಒತ್ತಡ ಅತಿ ಜಾಸ್ತಿ ಆಗುವ ಗಳಿಗೆ ಪಿಸ್ಟನ್ ತುದಿ ದಾಟಿ ಸ್ವಲ್ಪ ಕೆಳಗಿಳಿದಾಗ ಬರಬೇಕು, ಸುಮಾರು 15 ಡಿಗ್ರಿ ದಾಟಿದ ಮೇಲೆ. ಆಗ ತಳ್ಳಿದ ಶಕ್ತಿ ಚೆನ್ನಾಗಿ ಕ್ರಾಂಕಿಗೆ, ಅಂದರೆ ಪಿಸ್ಟನ್ ತಿರುಗಿಸುವ ದಂಡಕ್ಕೆ, ಸಿಗುತ್ತದೆ. ಡಿಗ್ರಿ ಲೆಕ್ಕ ಎಲ್ಲಾ ಕ್ರಾಂಕ್ ತಿರುಗುವುದರದ್ದು.

ಇಂಜಿನ್ ವೇಗ ಜಾಸ್ತಿಯಾದರೆ ಕಿಡಿ ಇನ್ನೂ ಮುಂಚೆ ಬೇಕು. 1500 ಆರ್‌ಪಿಎಂನಲ್ಲಿ ಕ್ರಾಂಕ್ 10 ಡಿಗ್ರಿ ತಿರುಗಲು ಸುಮಾರು 1.1 ಮಿಲಿಸೆಕೆಂಡ್ ಹಿಡಿಯುತ್ತದೆ. 4500 ಆರ್‌ಪಿಎಂನಲ್ಲಿ ಅಷ್ಟೇ ಹೊತ್ತಿಗೆ 30 ಡಿಗ್ರಿ ತಿರುಗಿರುತ್ತದೆ. ಉರಿಯಲು ಬೇಕಾದ ಸಮಯ ಹೆಚ್ಚು ಬದಲಾಗದಿದ್ದರೂ ಡಿಗ್ರಿ ಲೆಕ್ಕ ಬದಲಾಗುತ್ತದೆ. ಇದಕ್ಕೇ ಬುಲೆಟ್ಟಿನಲ್ಲಿ ಪಾಯಿಂಟ್ ಪ್ಲೇಟಿನ ಹಿಂದೆ ಆಟೋ ಅಡ್ವಾನ್ಸ್ ಇದೆ. ಎರಡು ಚಿಕ್ಕ ತೂಕ, ಎರಡು ಸ್ಪ್ರಿಂಗ್. ವೇಗ ಏರಿದಂತೆ ತೂಕಗಳು ಹೊರಗೆ ಹೋಗಿ ಕಿಡಿಯನ್ನು ಮುಂದಕ್ಕೆ ತರುತ್ತವೆ.

ಕಿಡಿ ಅತಿ ಮುಂಚೆ ಬಂದರೆ ಏನಾಗುತ್ತದೆ? ಒಂದು ಕಡೆ ಉರಿ ಹರಡುತ್ತಿದೆ, ಇನ್ನೊಂದು ಕಡೆ ಪಿಸ್ಟನ್ ಇನ್ನೂ ಮೇಲಕ್ಕೆ ಒತ್ತುತ್ತಿದೆ. ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಗ್ಯಾಸು ನಡುವೆ ಸಿಕ್ಕಿ ಬಿಸಿಯಾಗುತ್ತದೆ. ಒಂದು ಹಂತದಲ್ಲಿ ಉರಿ ತನ್ನ ಬಳಿ ಬರುವ ಮೊದಲೇ ತಾನಾಗಿ ಸಿಡಿಯುತ್ತದೆ. ಆ ಸಿಡಿತದ ಹೊಡೆತ ಹೆಡ್ಡಿಗೆ, ಸಿಲಿಂಡರ್ ಗೋಡೆಗೆ ಬಡಿಯುತ್ತದೆ. ಅತ್ತಿಗೆಗೆ ಕೇಳಿದ ಕಾಫಿ ಬೀಜದ ಶಬ್ದ ಅದೇ.

ಆಕ್ಟೇನ್ ಅಂದರೆ ಪೆಟ್ರೋಲ್ ಹೀಗೆ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಐಸೋ ಆಕ್ಟೇನಿಗೆ 100, ಹೆಪ್ಟೇನಿಗೆ 0 ಅಂತ ಇಟ್ಟುಕೊಂಡಿದ್ದಾರೆ. 91 ಅಂದರೆ ಪರೀಕ್ಷೆಯ ಇಂಜಿನಿನಲ್ಲಿ ಆ ಪೆಟ್ರೋಲ್ 91 ಪಾಲು ಐಸೋ ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಹಾಗೆ ನಡೆದುಕೊಳ್ಳುತ್ತದೆ ಅಂತ ಅರ್ಥ. ಇದು ಶಕ್ತಿಯ ಅಳತೆ ಅಲ್ಲ. 100 ಆಕ್ಟೇನ್ ಹಾಕಿದರೆ ಬುಲೆಟ್ ಜೋರಾಗಿ ಓಡುತ್ತದೆ ಅನ್ನುವವರು ತುಂಬಾ ಜನ ಇದ್ದಾರೆ. ಇಂಜಿನ್ ಕೇಳದಿದ್ದರೆ ಹೆಚ್ಚಿನ ಆಕ್ಟೇನಿನಿಂದ ಏನೂ ಸಿಗುವುದಿಲ್ಲ.

ಈ ಇಂಜಿನ್ ಅದನ್ನು ಕೇಳುವ ಜಾತಿಯದ್ದೇ ಅಲ್ಲ. ಇವತ್ತಿನ ಬೈಕುಗಳಲ್ಲಿ ಕಂಪ್ರೆಶನ್ (ಒಳಗೆ ಬಂದ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 9.5, 10, 11 ಎಲ್ಲಾ ಇದೆ. ಹಳೆ ಕಬ್ಬಿಣದ ಬುಲೆಟ್ಟಿನಲ್ಲಿ ಅದು 7ರ ಆಸುಪಾಸು, ಇಲ್ಲ ಅದಕ್ಕೂ ಕಡಿಮೆ. ಆ ಬೈಕ್ ತಯಾರಾದ ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲ್ 90 ಆಕ್ಟೇನೂ ಇರಲಿಲ್ಲ. ಅದರಲ್ಲೇ ಈ ಬೈಕುಗಳು ಘಾಟಿ ಹತ್ತಿದವು. ಆಮೇಲೆ ಬಂದ ನಿಯಮದಲ್ಲಿ ಸಾದಾ ಪೆಟ್ರೋಲಿಗೆ ಕನಿಷ್ಠ 91 ಅಂತ ಆಯಿತು. ಎಥನಾಲಿನ ಆಕ್ಟೇನ್ 100ಕ್ಕಿಂತ ಮೇಲೆ ಇರುವುದರಿಂದ ಅದು ಸೇರಿದರೆ ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಿದ್ದರೆ 100 ಆಕ್ಟೇನ್ ಬೇಕು ಅಂತ ಈ ಬೈಕ್ ಯಾಕೆ ಹಟ ಹಿಡಿಯಿತು? ಇದೇ ನನ್ನ ಪ್ರಶ್ನೆಯಾಯಿತು.

ಮೊದಲ ಸವಾರಿ

ಬಿಚ್ಚುವ ಮೊದಲು ಬೈಕ್ ಬಂದ ಸ್ಥಿತಿಯಲ್ಲೇ ಸುಳ್ಯಕ್ಕೆ ಹೋದೆವು. ಅಣ್ಣ ಓಡಿಸಿದರು, ನಾನು ಹಿಂದೆ ಕೂತೆ. ಟ್ಯಾಂಕಿನಲ್ಲಿ ಸಾದಾ ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಮಡಿಕೇರಿ ಊರೊಳಗೆ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಶಬ್ದ ಇಲ್ಲ. ಇಳಿಯುವಾಗಂತೂ ಇರುವುದೇ ಇಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಸುಳ್ಯದಿಂದ ಹೊರಟೆವು. ಸಂಪಾಜೆ ದಾಟಿ ಏರು ಸಿಕ್ಕಿದ ಕೂಡಲೇ ಶುರುವಾಯಿತು. ಕೊಯನಾಡು ಹತ್ತಿರ ನಾಲ್ಕನೇ ಗೇರಿನಲ್ಲಿ, 35-40ರ ವೇಗದಲ್ಲಿ, ಸ್ಪಷ್ಟವಾಗಿ ಟಕಟಕ. ಮೂರಕ್ಕೆ ಇಳಿಸಿದರೆ ಕಡಿಮೆಯಾಯಿತು, ನಿಲ್ಲಲಿಲ್ಲ. ಜೋಡುಪಾಲ ಕಳೆದ ಮೇಲೆ ಶಬ್ದ ತೆಳ್ಳಗಾಯಿತು. ಮದೆನಾಡು ಬರುವಾಗ ಪೂರ್ತಿ ನಿಂತೇಹೋಯಿತು.

ಈ ಕೊನೆಯ ಮಾತು ಮುಖ್ಯ. ಮದೆನಾಡಿನಲ್ಲಿ ಇಂಜಿನ್ ಕೊಯನಾಡಿಗಿಂತ ಜಾಸ್ತಿ ಬಿಸಿಯಾಗಿತ್ತು. ಬರೀ ಇಂಜಿನ್ ಬಿಸಿಯೇ ಕಾರಣ ಆಗಿದ್ದರೆ ಶಬ್ದ ಹೆಚ್ಚಬೇಕಿತ್ತು, ಅಲ್ವಾ? ಕಡಿಮೆಯಾಯಿತು. ಬದಲಾದದ್ದು ಗಾಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಸುಳ್ಯ 100 ಮೀಟರಿನ ಆಸುಪಾಸಿನಲ್ಲಿದೆ. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಸುಳ್ಯಕ್ಕಿಂತ ಸುಮಾರು 12% ಕಡಿಮೆ. ಕೆಳಗೆ ಅದೇ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬುತ್ತದೆ, ಒಳಗಿನ ಒತ್ತಡ ಏರುತ್ತದೆ. ಮೇಲೆ ಬಂದಂತೆ ಗಾಳಿ ತೆಳುವಾಗುತ್ತದೆ, ತಂಪೂ ಆಗುತ್ತದೆ. ಎತ್ತರದ ಊರಿನಲ್ಲಿ ಇಂಜಿನಿಗೆ ಕಡಿಮೆ ಆಕ್ಟೇನ್ ಸಾಕಾಗುವುದು ಇದಕ್ಕೇ. ಮಡಿಕೇರಿ ಈ ಬೈಕಿನ ತಪ್ಪನ್ನು ಮುಚ್ಚಿಟ್ಟಿತ್ತು.

ಪೆಟ್ರೋಲಿನ ಅನುಮಾನವನ್ನೂ ತೀರಿಸಿಕೊಂಡೆ. ಬೇರೆ ಬಂಕಿನ ಪೆಟ್ರೋಲ್ ಹಾಕಿ ಇನ್ನೊಮ್ಮೆ ಘಾಟಿ ಹತ್ತಿದೆವು. ಅದೇ ಜಾಗ, ಅದೇ ಶಬ್ದ. ನನ್ನ ಹತ್ತಿರ ಸರ್ವಿಸಿಗೆ ಬರುವ ಇನ್ನೊಂದು ಅದೇ ಕಾಲದ ಬುಲೆಟ್ಟಿಗೆ ಅದೇ ಪೆಟ್ರೋಲ್ ಹಾಕಿ, ಇಬ್ಬರು ಕೂತು ಹತ್ತಿಸಿದೆವು. ಏನೂ ಇಲ್ಲ.

ಬಿಚ್ಚಿದಾಗ ಕಂಡದ್ದು

ಪ್ಲಗ್ ತೆಗೆದೆ. ಪಿಂಗಾಣಿ ಬೆಳ್ಳಗೆ, ಅದರ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಬೆಳ್ಳಗಿದ್ದರೆ ಬಿಸಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ಚುಕ್ಕೆ ಇದ್ದರೆ ಒಳಗೆ ಬಡಿತ ನಡೆದಿದೆ. ಪ್ಲಗ್ ಬದಲಿಸಿ ಎರಡೇ ತಿಂಗಳಾಗಿತ್ತು.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ ಇರಬೇಕು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿದಾಗ 0.55 ಬಂತು. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ. ಪಾಯಿಂಟ್ ತೆರೆದ ಗಳಿಗೆಯಲ್ಲೇ ಕಿಡಿ. ಅಂದರೆ ಪಾಯಿಂಟ್ ಪ್ಲೇಟನ್ನು ಮುಟ್ಟದಿದ್ದರೂ ಟೈಮಿಂಗ್ (ಕಿಡಿ ಬರುವ ಹೊತ್ತು) ಮುಂದಕ್ಕೆ ಹೋಗಿಬಿಡುತ್ತದೆ. ಕೇಳಿದರೆ ಅಣ್ಣ ಹೇಳಿದರು: ಎಂಟು ತಿಂಗಳ ಹಿಂದೆ ಹೊಸ ಪಾಯಿಂಟ್ ಸೆಟ್ ತಾವೇ ಹಾಕಿದ್ದರು. ಮನೆಯಲ್ಲಿ ಗೇಜ್ ಇರಲಿಲ್ಲ, ಕಣ್ಣಂದಾಜಿನಲ್ಲಿ ಇಟ್ಟಿದ್ದರು. ಶಬ್ದ ಶುರುವಾದದ್ದು ಯಾವಾಗ ಅಂತ ಅತ್ತಿಗೆಯನ್ನು ಕೇಳಿದೆ. "ದಸರಾ ಮೊದಲು" ಅಂದರು. ಲೆಕ್ಕ ಸರಿಹೋಯಿತು.

ಆಮೇಲೆ ಟೈಮಿಂಗ್. ಹೆಚ್ಚಿನವರು ಪ್ಲಗ್ ತೂತಿಗೆ ಸೈಕಲ್ ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿದೆ ಅಂತ ಅಳೆಯುತ್ತಾರೆ. ತೂತು ಓರೆಯಾಗಿ ಇರುವುದರಿಂದ ಆ ಲೆಕ್ಕ ಸ್ವಲ್ಪ ತಪ್ಪುತ್ತದೆ. ಈ ಸಲ ನಾನು ಕ್ರಾಂಕಿಗೆ ಡಿಗ್ರಿ ಚಕ್ರ ಕಟ್ಟಿದೆ. ಪಾಯಿಂಟ್ ಯಾವಾಗ ತೆರೆಯುತ್ತದೆ ಅಂತ ನೋಡಲು ಬುಲೆಟ್ಟಿನಲ್ಲೇ ಒಂದು ಉಪಾಯ ಇದೆ. ಕೀ ಆನ್ ಮಾಡಿ ಇಂಜಿನನ್ನು ನಿಧಾನ ತಿರುಗಿಸಿದರೆ, ಪಾಯಿಂಟ್ ತೆರೆದ ಕೂಡಲೇ ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಜಿಗಿಯುತ್ತದೆ. ಜೊತೆಗೆ ಒಂದು ಬಲ್ಬನ್ನೂ ಕಟ್ಟಿ ಖಚಿತ ಮಾಡಿಕೊಂಡೆ.

ಆಟೋ ಅಡ್ವಾನ್ಸ್ ಪೂರ್ತಿ ಹಿಂದಿರುವಾಗ, ಪಿಸ್ಟನ್ ತುದಿಗಿಂತ 0.8 ಮಿಮೀ ಕೆಳಗಿರುವಾಗ ಪಾಯಿಂಟ್ ತೆರೆಯಬೇಕು. ಡಿಗ್ರಿಯಲ್ಲಿ ಹೇಳಿದರೆ ಸುಮಾರು 9-10. ಈ ಬೈಕಿನಲ್ಲಿ 17ಕ್ಕೇ ತೆರೆಯುತ್ತಿತ್ತು. ಅದರ ಮೇಲೆ ಆಟೋ ಅಡ್ವಾನ್ಸ್ ತನ್ನ ಪಾಲು ಸೇರಿಸುತ್ತದೆ. ಅದನ್ನೂ ಬಿಚ್ಚಿ ನೋಡಿದೆ. ಸ್ಪ್ರಿಂಗ್ ಸರಿ ಇತ್ತು, ತೂಕ ಸಲೀಸಾಗಿ ಹೊರಗೆ ಹೋಗಿ ವಾಪಸ್ ಬರುತ್ತಿತ್ತು. ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಕೂರಿಸಿದೆ.

ಗ್ಯಾಪನ್ನು 0.38ಕ್ಕೆ ತಂದ ಮೇಲೆ ಪುನಃ ಅಳೆದೆ. 17 ಇದ್ದದ್ದು ಹದಿಮೂರೂವರೆಗೆ ಬಂತು. ಇನ್ನೂ ಸುಮಾರು ನಾಲ್ಕು ಡಿಗ್ರಿ ಬಾಕಿ. ಅದು ಎಲ್ಲಿಂದ ಬಂತು?

ಅದು ನನ್ನ ಕೆಲಸ. ಎರಡು ವರ್ಷದ ಹಿಂದೆ ಇದೇ ಬೈಕಿನ ಟೈಮಿಂಗ್ ಇಟ್ಟವನು ನಾನೇ. ಆಗ ಚಳಿಗಾಲ. ಗ್ಯಾರೇಜಿನ ಎದುರು ಇಂಜಿನ್ ಓಡುತ್ತಿರುವಾಗ ಪ್ಲೇಟನ್ನು ತಿರುಗಿಸುತ್ತಾ, ಕಿವಿಗೆ ಚೆನ್ನಾಗಿ ಕೇಳಿದ ಜಾಗದಲ್ಲಿ ಬಿಗಿದಿದ್ದೆ. ರಾಜಾಸೀಟಿನವರೆಗೆ ಒಬ್ಬನೇ ಓಡಿಸಿ ನೋಡಿದ್ದೆ. ಅದ್ಭುತವಾಗಿ ಓಡಿತ್ತು. ಓಡಲೇಬೇಕು, ಯಾಕೆಂದರೆ ತೆಳು ಗಾಳಿಯಲ್ಲಿ ಉರಿ ಸ್ವಲ್ಪ ನಿಧಾನ, ಅಲ್ಲಿ ಒಂದೆರಡು ಡಿಗ್ರಿ ಜಾಸ್ತಿ ಅಡ್ವಾನ್ಸ್ ಇಂಜಿನಿಗೆ ಹಿತವೇ. ಈ ಬೈಕ್ ತಿಂಗಳಿಗೊಮ್ಮೆ ಸಾವಿರ ಮೀಟರ್ ಕೆಳಗೆ ಹೋಗಿ, ಏಪ್ರಿಲ್ ಬಿಸಿಲಲ್ಲಿ, ಇಬ್ಬರನ್ನೂ ತೆಂಗಿನಕಾಯಿಯನ್ನೂ ಹೊತ್ತು ಹತ್ತುತ್ತದೆ ಅಂತ ನಾನು ಕೇಳಲೇ ಇಲ್ಲ. ಬರೀ ನನ್ನ ನಾಲ್ಕು ಡಿಗ್ರಿ ಇದ್ದಾಗ ಬೈಕ್ ತಡೆದುಕೊಂಡಿತು. ಗ್ಯಾಪಿನ ನಾಲ್ಕು ಡಿಗ್ರಿ ಸೇರಿದಾಗ ಬಡಿಯಲು ಶುರುಮಾಡಿತು. ಇದನ್ನು ಅಣ್ಣನಿಗೆ ಹಾಗೇ ಹೇಳಿದೆ.

"ಆಯ್ತು ಬಿಡು, ಇಬ್ಬರದ್ದೂ ಪಾಲು ಇದೆ" ಅಂದರು. ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಆ ದಿನದಿಂದ ಕಿವಿಯ ಮೇಲೆ ಟೈಮಿಂಗ್ ಇಡುವುದನ್ನು ಬಿಟ್ಟಿದ್ದೇನೆ.

ಒಂದೊಂದೇ ಬದಲಿಸಿ ನೋಡಿದ್ದು

ಟೈಮಿಂಗನ್ನು 10 ಡಿಗ್ರಿಗೆ ತಂದೆ. ಬೇರೇನನ್ನೂ ಮುಟ್ಟಲಿಲ್ಲ. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಅದೇ ಸಾದಾ ಪೆಟ್ರೋಲ್, ಅದೇ ಹೊತ್ತು, ಅದೇ ಇಬ್ಬರು. ಮೊದಲ ಕಿಕ್ಕಿನಲ್ಲೇ ವ್ಯತ್ಯಾಸ ತಿಳಿಯಿತು, ಹಿಂದೆ ಹೊಡೆಯಲಿಲ್ಲ. ಕೊಯನಾಡಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಶಬ್ದವೇ ಇಲ್ಲ. ನಾಲ್ಕರಲ್ಲಿ ಬೇಕಂತಲೇ ಒತ್ತಿದಾಗ ಎರಡು ಕಡೆ ತುಂಬಾ ಸಣ್ಣಗೆ ಕೇಳಿತು.

ಉಳಿದ ಆ ಸಣ್ಣ ಶಬ್ದಕ್ಕೆ ಕಾರ್ಬುರೇಟರ್ ನೋಡಿದೆ. ಪೆಟ್ರೋಲ್ ಬರುವ ಸಣ್ಣ ತೂತಿನ ಮೈನ್ ಜೆಟ್ ಒಂದು ಸೈಜ್ ಚಿಕ್ಕದಿತ್ತು. ಅದೂ ಹಳೆ ಕೆಲಸ. ಎತ್ತರದಲ್ಲಿ ಗಾಳಿ ಕಡಿಮೆ, ಪೆಟ್ರೋಲ್ ಅಷ್ಟೇ ಬರುವುದರಿಂದ ಮಡಿಕೇರಿಯಲ್ಲಿ ಕಾರ್ಬುರೇಟರ್ ಬೈಕುಗಳು ಸ್ವಲ್ಪ ಹೊಗೆಯಾಡುತ್ತವೆ, ಮೈಲೇಜ್ ಬೀಳುತ್ತದೆ. ಹಾಗಾಗಿ ಇಲ್ಲಿ ಜೆಟ್ ಚಿಕ್ಕದು ಮಾಡುವ ರೂಢಿ ಇದೆ. ಘಾಟಿ ಇಳಿದರೆ ಅದೇ ಜೆಟ್ಟಿನಿಂದ ಬರುವ ಪೆಟ್ರೋಲ್ ಸಾಲುವುದಿಲ್ಲ.

ಎಥನಾಲಿನ ಮೇಲೆ ಇರುವ ದೂರಿನಲ್ಲಿ ನಿಜ ಇರುವುದು ಇಲ್ಲಿ. ಅದರ ತೊಂದರೆ ಆಕ್ಟೇನಿನದ್ದಲ್ಲ, ಅಳತೆಯದ್ದು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಅಂದರೆ 20% ಎಥನಾಲ್ ಬೆರೆತಾಗ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಹೊಸ ಬೈಕಿನ ಕಂಪ್ಯೂಟರ್ ಇದನ್ನು ನೋಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ. ಚಿಕ್ಕ ಜೆಟ್, ಕೆಳಗಿನ ದಟ್ಟ ಗಾಳಿ, ಎಥನಾಲ್, ಮೂರೂ ಸೇರಿ ಮಿಶ್ರಣ ಬಡವಾಯಿತು, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇಲ್ಲದೆ ಬಿಸಿ ಜಾಸ್ತಿಯಾಯಿತು. 

ಕಂಪನಿ ಹೇಳಿದ ಸೈಜಿನ ಜೆಟ್ ವಾಪಸ್ ಹಾಕಿದೆ. ಗಟ್ಟಿಯಾಗಿದ್ದ ಪೆಟ್ರೋಲ್ ಪೈಪನ್ನೂ ಬದಲಿಸಿದೆ, ಹಳೆ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪುನಃ ಘಾಟಿ ಹತ್ತಿದಾಗ ನಾಲ್ಕನೇ ಗೇರಿನಲ್ಲೂ ಶಬ್ದ ಇಲ್ಲ. ಪ್ಲಗ್ ತೆಗೆದು ನೋಡಿದರೆ ಹುರಿದ ಕಾಫಿಯ ತೆಳು ಬಣ್ಣ.

ಅಣ್ಣನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಿದೆ. "ಅಣ್ಣ, ಘಾಟಿಯನ್ನು ಟಾಪ್ ಗೇರಲ್ಲೇ ಹತ್ತಿಸೋದು ಬೇಡ." ಬುಲೆಟ್ ಟಾಪಲ್ಲೇ ಡುಗ್ ಡುಗ್ ಅಂತ ಹತ್ತಬೇಕು ಅನ್ನುವುದು ಅವರ ಅಪ್ಪನ ಕಾಲದ ಹೆಮ್ಮೆ. ಆದರೆ ಕಡಿಮೆ ವೇಗದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಮೂಲೆಯ ಗ್ಯಾಸಿಗೆ ಬಿಸಿಯಾಗಿ ಸಿಡಿಯಲು ಜಾಸ್ತಿ ಹೊತ್ತು ಸಿಗುತ್ತದೆ. ಮೂರಕ್ಕೆ ಇಳಿಸಿದರೆ ಇಂಜಿನಿಗೆ ಸುಲಭ. ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಅತ್ತಿಗೆ ಒಪ್ಪಿದರು.

ಈಗ ಒಂದು ಸಣ್ಣ ದೂರು ಉಳಿದಿದೆ. ಮಡಿಕೇರಿಯಲ್ಲಿ ಬೈಕ್ ಮೊದಲಿನಷ್ಟು ಚುರುಕಿಲ್ಲ, ಬೆಳಗ್ಗೆ ಸ್ವಲ್ಪ ಹೊಗೆ ಬರುತ್ತದೆ ಅನ್ನುತ್ತಾರೆ. ಅದು ನಿಜ. ಒಂದೇ ಜೆಟ್ಟಿನಲ್ಲಿ, ಒಂದೇ ಪ್ಲೇಟಿನಲ್ಲಿ ಎರಡೂ ಊರಿನ ಗಾಳಿಗೆ ಹೊಂದಿಸಲು ಆಗುವುದಿಲ್ಲ. ಮಡಿಕೇರಿಯಲ್ಲಿ ಸ್ವಲ್ಪ ಮಂದವಾದರೆ ಬೈಕಿಗೆ ಏನೂ ಹಾನಿ ಇಲ್ಲ. ಸಂಪಾಜೆಯಲ್ಲಿ ಬಡಿದರೆ ಪಿಸ್ಟನ್ ಹೋಗುತ್ತದೆ. ಹಾಗಾಗಿ ನಾನು ಸಂಪಾಜೆಯ ಪರವಾಗಿ ಇಟ್ಟೆ.

ಎಂಟು ತಿಂಗಳ ಬಡಿತ ಪಿಸ್ಟನ್ನಿಗೆ ಏನು ಮಾಡಿದೆ ಅಂತ ಇನ್ನೂ ನೋಡಬೇಕು. ಪ್ಲಗ್ ತೂತಿನಿಂದ ಚಿಕ್ಕ ಕ್ಯಾಮರಾ ಇಳಿಸಿದಾಗ ಪಿಸ್ಟನ್ ಅಂಚಿನಲ್ಲಿ ಒಂದೆರಡು ಸಣ್ಣ ಗುಳಿ ಕಂಡವು, ಹೆಡ್ಡಿನಲ್ಲಿ ಮಸಿಯೂ ಕಟ್ಟಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಬೈಕ್ ಹೇಗೂ ಹೊರಗೆ ಹೋಗುವುದಿಲ್ಲ, ಆಗ ಹೆಡ್ ಬಿಚ್ಚುತ್ತೇವೆ. ಅಲ್ಲಿಯವರೆಗೆ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಗ್ಯಾಪ್ 0.38, ಟೈಮಿಂಗ್ 10 ಡಿಗ್ರಿ, ಸಾದಾ ಪೆಟ್ರೋಲ್. ಅದರ ಪಕ್ಕದಲ್ಲೇ ಒಂದು ಫೀಲರ್ ಗೇಜನ್ನೂ ಇಟ್ಟಿದ್ದೇನೆ.